‘ಯು ಆರ್ ಪುಟ್ಟಿಂಗ್ ಮಿ ಆನ್!’: ಇಂಗ್ಲಿಷಿನಲ್ಲಿ ತಮಾಷೆ ಎಲ್ಲಿ ಮುಗಿದು ಮೋಸ ಎಲ್ಲಿ ಶುರುವಾಗುತ್ತದೆ

ಶುಕ್ರವಾರ ಸಂಜೆ ಕಚೇರಿಯಲ್ಲಿ ಎಲ್ಲರೂ ಹೊರಡುವ ಗಡಿಬಿಡಿಯಲ್ಲಿದ್ದಾಗ ಒಬ್ಬ ಸಹೋದ್ಯೋಗಿ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ, ‘ಸೋಮವಾರ ಎಲ್ಲರಿಗೂ ರಜೆಯಂತೆ’ ಎನ್ನುತ್ತಾನೆ. ಕೇಳಿಸಿಕೊಂಡವಳು ಅಮೆರಿಕದವಳಾಗಿದ್ದರೆ ‘ಯು ಆರ್ ಪುಟ್ಟಿಂಗ್ ಮಿ ಆನ್!’ ಎಂದಾಳು. ಬ್ರಿಟನ್ನಿನವಳಾಗಿದ್ದರೆ ‘ಆರ್ ಯು ಹ್ಯಾವಿಂಗ್ ಮಿ ಆನ್?’ ಎಂದು ಕೇಳಿಯಾಳು. ಕನ್ನಡದವಳಾದರೆ ‘ಸುಳ್ಳು! ತಮಾಷೆ ಮಾಡಬೇಡ’ ಎನ್ನುತ್ತಾಳೆ. ಮೂವರ ಮಾತಿನ ಅರ್ಥವೂ ಒಂದೇ.

ಆದರೆ ಇಂಗ್ಲಿಷ್ ಕಲಿಯುವವರಿಗೆ ಮೊದಲ ಎರಡು ವಾಕ್ಯಗಳು ಕೈಗೆ ಸಿಗುವುದಿಲ್ಲ. ಪುಟ್ ಎಂದರೆ ಇಡು, ಮಿ ಎಂದರೆ ನನ್ನನ್ನು, ಆನ್ ಎಂದರೆ ಮೇಲೆ. ಮೂರನ್ನೂ ಕೂಡಿಸಿದರೆ ‘ನನ್ನನ್ನು ಯಾವುದರದೋ ಮೇಲೆ ಇಡುತ್ತಿದ್ದೀಯ’ ಎಂದಾಗುತ್ತದೆಯೇ ಹೊರತು ತಮಾಷೆಯ ವಾಸನೆಯೇ ಬರುವುದಿಲ್ಲ. ಕ್ರಿಯಾಪದದ ನಂತರ ಅಪ್, ಆನ್, ಇನ್, ಆಫ್, ಔಟ್‌ನಂತಹ ಪುಟ್ಟ ಪದವೊಂದು ಸೇರಿ ಎರಡೂ ತಮ್ಮ ಮೂಲ ಅರ್ಥ ಬಿಟ್ಟು ಮೂರನೆಯದೊಂದನ್ನು ಹೇಳತೊಡಗಿದರೆ ಅದನ್ನು ಫ್ರೇಸಲ್ ವರ್ಬ್ ಎನ್ನುತ್ತಾರೆ. ಹೊರಗಿನವರಿಗೆ ಇದು ಕಷ್ಟವೆಂಬುದು ಹಳೆಯ ಮಾತೇ. 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲಿ, ವಿದೇಶೀಯರಿಗೆ ಅತಿ ಹೆಚ್ಚು ತೊಡಕಾಗುವುದು ಈ ಜೋಡಿಗಳೇ ಎಂದು ಬರೆದಿದ್ದಾನೆ. ಅಲ್ಲಿ ಅವನು ಕೊಟ್ಟ ಉದಾಹರಣೆಗಳಲ್ಲಿ ಒಂದು ನಮ್ಮ ವಿಷಯಕ್ಕೇ ಸೇರಿದ್ದು. ಅದು ಮುಂದೆ ಬರುತ್ತದೆ.

ಸಮಸ್ಯೆ ಅರ್ಥ ತಿಳಿಯುವಲ್ಲಿಗೆ ಮುಗಿಯುವುದಿಲ್ಲ. ‘ಪುಟ್ ಆನ್’ಗೆ ಸಮಾನಾರ್ಥಕ ಹುಡುಕಿದರೆ ಉದ್ದನೆಯ ಸಾಲೊಂದು ಸಿಗುತ್ತದೆ: ಟೀಸ್, ಕಿಡ್, ಫೂಲ್, ಟ್ರಿಕ್, ಡಿಸೀವ್, ಹ್ಯಾವ್ ಆನ್, ವೈಂಡ್ ಅಪ್, ಟೇಕ್ ಇನ್, ಲೀಡ್ ಆನ್. ಅಲ್ಪವಿರಾಮಗಳ ನಡುವೆ ಹೀಗೆ ಒಟ್ಟಿಗೆ ನಿಂತಾಗ ಎಲ್ಲವೂ ಒಂದೇ ತೂಕದ ಪದಗಳೆಂದು ಅನ್ನಿಸುತ್ತದೆ. ಅವು ಹಾಗಿಲ್ಲ. ಗೆಳೆಯ ರಜೆಯ ವಿಷಯದಲ್ಲಿ ಛೇಡಿಸಿದ್ದಕ್ಕೆ ‘ಯು ಡಿಸೀವ್ಡ್ ಮಿ’ ಎಂದರೆ ಆತ ಬೆಚ್ಚಿಬೀಳುತ್ತಾನೆ, ಏಕೆಂದರೆ ಅದು ನಂಬಿಕೆದ್ರೋಹದ ಆರೋಪ. ಹಣ ಕಳೆದುಕೊಂಡು ದೂರು ಕೊಡಲು ಬಂದವರು ‘ಹೀ ವಾಸ್ ಪುಟ್ಟಿಂಗ್ ಮಿ ಆನ್’ ಎಂದರೆ ನಡೆದದ್ದು ಹುಡುಗಾಟದಂತೆ ಕೇಳಿಸುತ್ತದೆ.

ಇವನ್ನು ಬೇರ್ಪಡಿಸಲು ಒಂದು ಪ್ರಶ್ನೆ ಸಾಕೆಂಬುದು ನನ್ನ ಅಭಿಪ್ರಾಯ. ಸುಳ್ಳು ಹೇಳಿದವನಿಗೆ ನಿಜ ಬಯಲಾಗಬೇಕೆಂಬ ಇರಾದೆ ಇದೆಯೇ? ಇದ್ದರೆ ಅದು ತಮಾಷೆಯ ಕಡೆಯ ಪದ. ಇಲ್ಲದಿದ್ದರೆ ಮೋಸದ ಕಡೆಯದು. ಕೆಲವು ಪದಗಳು ಗಡಿಯಲ್ಲೇ ನಿಂತಿವೆ, ಅವುಗಳ ವಿಷಯದಲ್ಲಿ ಮಾತ್ರ ಇನ್ನಷ್ಟು ಯೋಚಿಸಬೇಕು.

ಪುಟ್ ಆನ್ ಮತ್ತು ನಮ್ಮ ‘ಹಾಕು’

ಮೊದಲು ‘ಪುಟ್ ಆನ್’ನ ಉಳಿದ ಕೆಲಸಗಳನ್ನು ನೋಡೋಣ. ಬಟ್ಟೆ ತೊಡುವುದು ಪುಟ್ ಆನ್. ದೀಪ, ಫ್ಯಾನ್, ಟಿವಿ ಹಾಕುವುದು ಪುಟ್ ಆನ್. ನಾಟಕ ಪ್ರದರ್ಶಿಸುವುದೂ ಪುಟ್ ಆನ್. ಮೈ ತೂಕ ಹೆಚ್ಚಿಸಿಕೊಳ್ಳುವುದಕ್ಕೂ ಅದೇ. ಇಲ್ಲದ ಭಾವವನ್ನು ಮುಖದ ಮೇಲೆ ತಂದುಕೊಳ್ಳುವುದು, ಬಾರದ ಧಾಟಿಯಲ್ಲಿ ಮಾತನಾಡುವುದು, ಒಟ್ಟಿನಲ್ಲಿ ಸೋಗು ಹಾಕುವುದು, ಇದೂ ಪುಟ್ ಆನ್.

ಕನ್ನಡದ ‘ಹಾಕು’ ಇಲ್ಲಿ ಎಷ್ಟು ಹತ್ತಿರ ಬಂದು ನಿಲ್ಲುತ್ತದೆ ನೋಡಿ. ಅಂಗಿ ಹಾಕುತ್ತೇವೆ, ಲೈಟ್ ಹಾಕುತ್ತೇವೆ, ವೇಷ ಹಾಕುತ್ತೇವೆ, ಸೋಗು ಹಾಕುತ್ತೇವೆ. ಕೊನೆಗೆ ಯಾರಿಗಾದರೂ ಟೋಪಿಯನ್ನೂ ಹಾಕುತ್ತೇವೆ. ಎರಡು ಭಾಷೆಗಳಿಗೂ ಸಂಬಂಧವಿಲ್ಲ, ಆದರೂ ತೊಡುವುದರಿಂದ ನಟಿಸುವುದಕ್ಕೆ, ನಟಿಸುವುದರಿಂದ ಇನ್ನೊಬ್ಬರನ್ನು ನಂಬಿಸುವುದಕ್ಕೆ ಅರ್ಥ ಹರಿದ ದಾರಿ ಒಂದೇ ರೀತಿಯದು. ಒಂದು ಎಚ್ಚರಿಕೆ ಮಾತ್ರ ಬೇಕು: ನಮ್ಮ ಟೋಪಿ ಹಾಕುವುದರಲ್ಲಿ ನಷ್ಟವಿದೆ, ಬಹುಮಟ್ಟಿಗೆ ಹಣದ ನಷ್ಟ. ಒಬ್ಬರನ್ನು ‘ಪುಟ್ ಆನ್’ ಮಾಡುವುದರಲ್ಲಿ ಅದಿಲ್ಲ. ಅಲ್ಲಿ ಕಳೆದುಹೋಗುವುದು ಅರ್ಧ ನಿಮಿಷದ ನಂಬಿಕೆ ಅಷ್ಟೇ. ಹಾಗಾಗಿ ಅನುವಾದಿಸುವಾಗ ಛೇಡಿಸು, ತಮಾಷೆ ಮಾಡು, ಬೇಸ್ತು ಬೀಳಿಸು ಎಂಬವೇ ಸರಿಯಾದವು.

ತಮಾಷೆಯ ಅರ್ಥ ಬರಬೇಕಾದರೆ ಪದಗಳು ನಿಲ್ಲುವ ಜಾಗವೂ ಮುಖ್ಯ. ಕೋಟು ತೊಡುವುದನ್ನು ‘ಪುಟ್ ಆನ್ ದ ಕೋಟ್’ ಎಂದರೂ ಆದೀತು, ‘ಪುಟ್ ದ ಕೋಟ್ ಆನ್’ ಎಂದರೂ ಆದೀತು. ಛೇಡಿಸುವ ಅರ್ಥದಲ್ಲಿ ಹಾಗಲ್ಲ. ಛೇಡಿಸಿಕೊಂಡವರು ‘ಪುಟ್’ ಮತ್ತು ‘ಆನ್’ ನಡುವೆ ಬಂದು ಕೂರಬೇಕು: ಪುಟ್ಟಿಂಗ್ ಮಿ ಆನ್, ಪುಟ್ಟಿಂಗ್ ಹರ್ ಆನ್. ‘ಪುಟ್ಟಿಂಗ್ ಆನ್ ಮಿ’ ಎಂದು ಬರೆದರೆ ತಮಾಷೆ ಮಾಯವಾಗಿ, ನನ್ನ ಮೇಲೆ ಏನನ್ನೋ ಹೇರುತ್ತಿದ್ದಾರೆ ಎಂಬ ಅರ್ಥ ಬರುತ್ತದೆ.

ಇನ್ನೊಂದು ಲಕ್ಷಣ ಕಾಲದ್ದು. ಈ ಅರ್ಥದಲ್ಲಿ ಇದು ಬಹುತೇಕ ‘-ಇಂಗ್’ ರೂಪದಲ್ಲೇ, ಅಂದರೆ ತಮಾಷೆ ಇನ್ನೂ ನಡೆಯುತ್ತಿರುವಾಗಲೇ ಬಾಯಿಗೆ ಬರುತ್ತದೆ. ಹೇಳುವವರೂ ಸಾಮಾನ್ಯವಾಗಿ ತಮಾಷೆಗೆ ಗುರಿಯಾದವರೇ. ಅಂದರೆ ಇದು ದೂರಲ್ಲ, ಪರೀಕ್ಷೆ. ‘ನೀನು ಹೇಳುತ್ತಿರುವುದು ನಿಜವೋ, ಆಟವೋ, ಈಗಲೇ ಹೇಳಿಬಿಡು’ ಎಂದು ಕೇಳುವ ಬಗೆ. ಅದಕ್ಕೇ ಸಂತೋಷದ ಸುದ್ದಿಗೂ ಇದೇ ಉತ್ತರ ಬರುತ್ತದೆ. ಕೆಲಸ ಸಿಕ್ಕಿತೆಂದು ಗೆಳತಿ ಫೋನ್ ಮಾಡಿದಾಗ ‘ಯು ಆರ್ ಪುಟ್ಟಿಂಗ್ ಮಿ ಆನ್!’ ಎಂದರೆ ಅವಳನ್ನು ಸುಳ್ಳುಗಾರ್ತಿ ಎಂದಂತಲ್ಲ. ನಾವೂ ಅಂಥ ಹೊತ್ತಿನಲ್ಲಿ ‘ಸುಳ್ಳು!’ ಎಂದು ಕೂಗುತ್ತೇವಲ್ಲ, ಅದೇ ಖುಷಿ ಇಲ್ಲಿಯೂ ಇದೆ.

ಉಚ್ಚಾರಣೆಯಲ್ಲಿ ಒತ್ತು ಕೊನೆಯ ‘ಆನ್’ ಮೇಲೆ ಬೀಳುತ್ತದೆ. ಇದೇ ಜೋಡಿ ನಾಮಪದವಾಗಿ ‘ಎ ಪುಟ್-ಆನ್’ ಎಂದಾದಾಗ ಒತ್ತು ಮುಂದಕ್ಕೆ, ‘ಪುಟ್’ ಮೇಲಕ್ಕೆ ಸರಿಯುತ್ತದೆ. ಮುಂದೆ ಬರುವ ವೈಂಡ್-ಅಪ್, ಸೆಂಡ್-ಅಪ್, ರಿಪ್-ಆಫ್ ಎಲ್ಲದಕ್ಕೂ ಈ ನಿಯಮ ಅನ್ವಯಿಸುತ್ತದೆ. ಕೇಳುವವರು ಕ್ರಿಯಾಪದವೋ ನಾಮಪದವೋ ಎಂದು ಗುರುತಿಸುವುದು ಈ ಒತ್ತಿನಿಂದಲೇ.

ಹ್ಯಾವ್ ಆನ್, ಕಿಡ್, ಕಾಲೆಳೆಯುವುದು

‘ಹ್ಯಾವ್ ಆನ್’ ಬ್ರಿಟಿಷ್ ಇಂಗ್ಲಿಷಿನದು. ಅರ್ಥ, ಪದಗಳ ಜಾಗ, ‘-ಇಂಗ್’ ರೂಪ ಎಲ್ಲವೂ ‘ಪುಟ್ ಆನ್’ನಂತೆಯೇ. ಒಂದು ವಿಷಯ ಮಾತ್ರ ನಮ್ಮವರಿಗೆ ಗೊಂದಲ ಹುಟ್ಟಿಸೀತು. ‘ಐ ಆ್ಯಮ್ ಹ್ಯಾವಿಂಗ್ ಎ ಕಾರ್’ ಎನ್ನಬಾರದು, ‘ಐ ಹ್ಯಾವ್ ಎ ಕಾರ್’ ಎನ್ನಬೇಕು ಎಂದು ಶಾಲೆಯಲ್ಲಿ ತಿದ್ದಿಸಿಕೊಂಡವರು ‘ಹ್ಯಾವಿಂಗ್’ ಕಂಡೊಡನೆ ಅನುಮಾನಪಡುತ್ತಾರೆ. ಆ ನಿಯಮ ಒಡೆತನದ ಅರ್ಥಕ್ಕೆ ಮಾತ್ರ. ಛೇಡಿಸುವ ಅರ್ಥದಲ್ಲಿ ‘ಹ್ಯಾವಿಂಗ್ ಮಿ ಆನ್’ ಎನ್ನುವುದೇ ಸರಿ. ಇದೇ ‘ಹ್ಯಾವ್ ಆನ್’ಗೆ ಬಟ್ಟೆ ತೊಟ್ಟಿರುವ ಅರ್ಥವೂ ಇದೆ, ಅಲ್ಲಿ ‘ಹ್ಯಾವಿಂಗ್’ ಬರುವುದಿಲ್ಲ.

‘ಕಿಡ್’ ಫ್ರೇಸಲ್ ವರ್ಬ್ ಅಲ್ಲ, ಒಂಟಿ ಕ್ರಿಯಾಪದ. ಆದರೆ ಬ್ರಿಟನ್, ಅಮೆರಿಕ ಎರಡರಲ್ಲೂ ಎಲ್ಲರಿಗೂ ಅರ್ಥವಾಗುವ ಪದವಾದ್ದರಿಂದ ಹೊಸದಾಗಿ ಕಲಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ‘ಆರ್ ಯು ಕಿಡ್ಡಿಂಗ್?’ ಎಂದರೆ ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ನಡೆಯುತ್ತದೆ. ತಮಾಷೆ ಮಾಡಿದವರೇ ಅದನ್ನು ಒಪ್ಪಿಕೊಳ್ಳಲು ‘ಜಸ್ಟ್ ಕಿಡ್ಡಿಂಗ್’ ಎನ್ನಬಹುದು. ‘ಅರೌಂಡ್’ ಸೇರಿಸಿ ‘ಕಿಡ್ ಅರೌಂಡ್’ ಎಂದರೆ ಯಾರೊಬ್ಬರನ್ನೂ ಗುರಿಯಾಗಿಸದ ಸುಮ್ಮನೆ ಹುಡುಗಾಟ. ‘ಫೂಲ್ ಅರೌಂಡ್’ ಕೂಡ ಹುಡುಗಾಟವೇ, ಆದರೆ ಗಂಡ–ಹೆಂಡಿರ ವಿಷಯದಲ್ಲಿ ಬಂದರೆ ಅದಕ್ಕೆ ಬೇರೆಯವರ ಸಹವಾಸ ಮಾಡುವುದೆಂಬ ಅರ್ಥವಿದೆ. ಸಹೋದ್ಯೋಗಿಗಳ ಬಗ್ಗೆ ಬರೆಯುವಾಗ ಈ ಪದವನ್ನು ದೂರವಿಡುವುದು ಕ್ಷೇಮ.

‘ಪುಲ್ ಸಮ್‌ವನ್ಸ್ ಲೆಗ್’ ನಮಗೆ ಚಿರಪರಿಚಿತ. ‘ಕಾಲೆಳೆದರು’ ಎಂದು ಪತ್ರಿಕೆಗಳ ಶೀರ್ಷಿಕೆಗಳೇ ಹೇಳುತ್ತವೆ. ಈ ನುಡಿಗಟ್ಟಿನ ಹುಟ್ಟಿನ ಬಗ್ಗೆ, ಗಲ್ಲಿಗೇರಿದವರು ಬೇಗ ಸಾಯಲೆಂದು ಅವರ ಕಾಲನ್ನು ಎಳೆಯುತ್ತಿದ್ದರು ಎಂಬ ಕಥೆ ಓಡಾಡುತ್ತದೆ. ಅದಕ್ಕೆ ಆಧಾರವಿಲ್ಲ. ಅರ್ಥಕ್ಕೂ ಅದು ಹೊಂದುವುದಿಲ್ಲ, ಏಕೆಂದರೆ ಇಂಗ್ಲಿಷಿನ ಕಾಲೆಳೆತ ಪೂರಾ ನಿರುಪದ್ರವಿ. ನಮ್ಮಲ್ಲಿ ಕಾಲೆಳೆಯುವುದಕ್ಕೆ ಇನ್ನೊಂದು ಮುಖವಿದೆ: ಮೇಲೇರುತ್ತಿರುವವರನ್ನು ಕೆಳಕ್ಕೆ ಜಗ್ಗುವುದು. ‘ನಮ್ಮ ಪಕ್ಷದಲ್ಲಿ ಕಾಲೆಳೆಯುವವರೇ ಹೆಚ್ಚು’ ಎಂಬ ಮಾತನ್ನು ‘ಲೆಗ್-ಪುಲ್ಲಿಂಗ್’ ಎಂದು ಅನುವಾದಿಸಿದರೆ, ಹೊರದೇಶದ ಓದುಗರು ಆ ಪಕ್ಷದವರೆಲ್ಲ ಬಹಳ ತಮಾಷೆಯ ಜನ ಎಂದುಕೊಳ್ಳುತ್ತಾರೆ.

ವೈಂಡ್ ಅಪ್: ಗುರಿ ನಗುವಲ್ಲ, ಸಿಟ್ಟು

ಇಲ್ಲಿಂದ ಬಣ್ಣ ಬದಲಾಗುತ್ತದೆ. ರಜೆಯ ಸುದ್ದಿ ತಂದ ಸಹೋದ್ಯೋಗಿಯನ್ನೇ ಮತ್ತೆ ನೋಡಿ. ಕಡತಗಳ ರಾಶಿಯ ನಡುವೆ ಬೆವರುತ್ತಿರುವ ಒಬ್ಬರನ್ನು ಆರಿಸಿಕೊಂಡು, ‘ಎಲ್ಲರಿಗೂ ರಜೆ, ನಿಮ್ಮೊಬ್ಬರಿಗೆ ಮಾತ್ರ ಇಲ್ಲವಂತೆ’ ಎನ್ನುತ್ತಾನೆ. ಅವರು ‘ಯಾರು ಹೇಳಿದ್ದು?’ ಎಂದು ಕೇಳುತ್ತಾರೆ. ‘ಮೇಲಿನವರೇ’ ಎನ್ನುತ್ತಾನೆ. ಅವರ ದನಿ ಏರುತ್ತದೆ, ಇವನು ಇನ್ನೊಂದು ಮಾತು ಸೇರಿಸುತ್ತಾನೆ. ಅವರು ಕುರ್ಚಿಯಿಂದ ಎದ್ದು ಮೇಲಧಿಕಾರಿಯ ಕೋಣೆಯತ್ತ ಹೊರಟಾಗ ಇವನು ನಗುತ್ತಾನೆ. ಇದು ‘ವೈಂಡ್ ಅಪ್’.

ಹಳೆಯ ಗಡಿಯಾರಗಳಿಗೆ ಕೀಲಿ ಕೊಡುತ್ತಿದ್ದರಲ್ಲ, ಆ ಕ್ರಿಯೆಯ ಹೆಸರು ವೈಂಡ್ ಅಪ್. ಒಂದೊಂದು ಸುತ್ತಿಗೂ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ಛೇಡಿಸುವ ಅರ್ಥವೂ ಅಲ್ಲಿಯದೇ: ಒಂದೊಂದು ಮಾತಿಗೂ ಎದುರಿಗಿದ್ದವರ ನರ ಬಿಗಿಯಾಗಬೇಕು. ಬ್ರಿಟನ್ನಿನಲ್ಲಿ ಇದನ್ನೇ ಚಾಳಿ ಮಾಡಿಕೊಂಡವರಿಗೆ ‘ವೈಂಡ್-ಅಪ್ ಮರ್ಚೆಂಟ್’ ಎಂಬ ಬಿರುದಿದೆ. ಕನ್ನಡದಲ್ಲಿ ಇದಕ್ಕೆ ‘ರೇಗಿಸು’ ಎಂಬುದಕ್ಕಿಂತ ತಕ್ಕ ಪದ ನನಗೆ ಕಾಣುವುದಿಲ್ಲ. ‘ಕೆಣಕು’ ಸ್ವಲ್ಪ ಹೆಚ್ಚು ಖಾರ, ‘ಛೇಡಿಸು’ ಸ್ವಲ್ಪ ಕಡಿಮೆ. ರೇಗಿಸುವುದರಲ್ಲಿ ಎದುರಿನವರು ರೇಗುವುದೇ ಫಲಿತಾಂಶ. ಕ್ರಿಕೆಟ್ಟಿನಲ್ಲಿ ಬ್ಯಾಟರ್‌ ಸುತ್ತ ನಿಂತು ಮಾತಿನಲ್ಲೇ ಚುಚ್ಚುವವರು ಮಾಡುವುದೂ ಇದನ್ನೇ.

ಓದುವಾಗ ಎಡವುವ ಜಾಗವೊಂದಿದೆ. ಗಾಳಿ ಎಂಬ ಅರ್ಥದ ‘ವಿಂಡ್’ ಮತ್ತು ಸುತ್ತು ಎಂಬ ಅರ್ಥದ ‘ವೈಂಡ್’ ಇಂಗ್ಲಿಷ್ ಬರವಣಿಗೆಯಲ್ಲಿ ಒಂದೇ. ಭೂತಕಾಲಕ್ಕೆ ಹೋದರೆ ಅದು ‘ವೌಂಡ್ ಅಪ್’, ಗಾಯ ಎಂಬರ್ಥದ ‘ವೂಂಡ್’ ಕೂಡ ಅದೇ ಅಕ್ಷರಗಳಲ್ಲಿದೆ. ಜೊತೆಗೆ ‘ವೈಂಡ್ ಅಪ್’ಗೆ ಮುಗಿಸು ಎಂಬ ಅರ್ಥವೂ ಇದೆ. ಸಭೆ ವೈಂಡ್ ಅಪ್ ಆಗುತ್ತದೆ, ಕಂಪನಿ ವೈಂಡ್ ಅಪ್ ಆಗುತ್ತದೆ. ಭಾರತದಲ್ಲಿ ನಮಗೆ ಹೆಚ್ಚು ಪರಿಚಿತವಾದದ್ದು ಈ ಅರ್ಥವೇ. ಗುರುತಿಸುವುದು ಸುಲಭ: ನಡುವೆ ಮನುಷ್ಯರಿದ್ದರೆ ರೇಗಿಸುವುದು, ಸಭೆಯೋ ವ್ಯವಹಾರವೋ ಇದ್ದರೆ ಮುಗಿಸುವುದು.

ವೈಂಡ್ ಅಪ್ ದಿನವೂ ಒಬ್ಬರ ಮೇಲೆಯೇ ನಡೆಯುತ್ತಿದ್ದರೆ, ಅವರಿಗೆ ಅದರಿಂದ ನೋವಾಗುತ್ತಿದ್ದರೆ, ಅದಕ್ಕೆ ಆ ಹೆಸರು ಕೊಡಬಾರದು. ಅದು ‘ಪಿಕ್ ಆನ್’. ಶಾಲೆಯಲ್ಲಿ ಒಂದು ಮಗುವನ್ನೇ ಹುಡುಕಿ ಗೋಳು ಹೊಯ್ದುಕೊಳ್ಳುವುದು ಪಿಕ್ ಆನ್. ಗೋಳು ಕೊಟ್ಟವರು ಸಾಮಾನ್ಯವಾಗಿ ‘ಸುಮ್ಮನೆ ವೈಂಡ್ ಅಪ್ ಮಾಡಿದೆವು’ ಎನ್ನುತ್ತಾರೆ, ಅನುಭವಿಸಿದವರು ‘ಪಿಕ್ ಆನ್’ ಎನ್ನುತ್ತಾರೆ. ಎರಡರಲ್ಲಿ ಯಾವುದನ್ನು ಬರೆಯಬೇಕೆಂಬುದನ್ನು ಅನುಭವಿಸಿದವರ ಮಾತು ನಿರ್ಧರಿಸಬೇಕು.

ನಂಬಿದವರ ಕಡೆಯಿಂದ: ಟೇಕ್ ಇನ್, ಫಾಲ್ ಫಾರ್

ಇಷ್ಟು ಹೊತ್ತು ಸುಳ್ಳು ಹೇಳಿದವರ ಕಡೆಯಿಂದ ನೋಡಿದೆವು. ಸುಳ್ಳು ಫಲಿಸಿತೋ ಇಲ್ಲವೋ ಎಂಬುದನ್ನು ಪುಟ್ ಆನ್ ಹೇಳುವುದಿಲ್ಲ. ‘ಟೇಕ್ ಇನ್’ ಹೇಳುವುದು ಅದನ್ನೇ. ಸೋಮವಾರ ಒಬ್ಬರು ನಿಜಕ್ಕೂ ಕಚೇರಿಗೆ ಬಾರದೆ ಮನೆಯಲ್ಲಿ ಉಳಿದರೆಂದರೆ ಅವರು ‘ಟೇಕನ್ ಇನ್’ ಆದರು, ಬೇಸ್ತು ಬಿದ್ದರು. ಹೆಚ್ಚಾಗಿ ಇದು ಹೀಗೆ ಕರ್ಮಣಿಯಲ್ಲೇ ಬರುತ್ತದೆ. ತಮಾಷೆ, ಮೋಸ ಎರಡಕ್ಕೂ ಸಲ್ಲುತ್ತದೆ, ಏಕೆಂದರೆ ಅದರ ಗಮನವೆಲ್ಲ ನಂಬಿದವರ ಮೇಲೆ.

ಇದಕ್ಕೆ ನನಗೆ ಪ್ರಿಯವಾದ ಉದಾಹರಣೆ 1957ರ ಏಪ್ರಿಲ್ 1ರದು. ಆ ದಿನ ಬಿಬಿಸಿ ತನ್ನ ‘ಪನೋರಮಾ’ ಕಾರ್ಯಕ್ರಮದಲ್ಲಿ, ಸ್ವಿಟ್ಜರ್ಲೆಂಡಿನ ದಕ್ಷಿಣದ ಟಿಚಿನೋ ಪ್ರಾಂತದಲ್ಲಿ ಒಂದು ಕುಟುಂಬ ಮರಗಳಿಂದ ಸ್ಪಗೆಟಿ ಕೊಯ್ಯುತ್ತಿರುವ ಪುಟ್ಟ ವರದಿಯನ್ನು ಪ್ರಸಾರ ಮಾಡಿತು. ಹಿಟ್ಟಿನಿಂದ ಮಾಡುವ ಶ್ಯಾವಿಗೆಯಂಥ ಎಳೆಗಳು ಕೊಂಬೆಗಳಿಂದ ಜೋಲುತ್ತಿದ್ದವು, ಹೆಂಗಸರು ಅವನ್ನು ಬಿಡಿಸಿ ಬಿಸಿಲಿಗೆ ಹರಡುತ್ತಿದ್ದರು. ಹಿನ್ನೆಲೆಯ ದನಿ ರಿಚರ್ಡ್ ಡಿಂಬಲ್ಬಿ ಅವರದು, ದೇಶವೇ ನಂಬುತ್ತಿದ್ದ ಗಂಭೀರ ದನಿ. ಸ್ಪಗೆಟಿ ಆಗಿನ ಬ್ರಿಟನ್ನಿನಲ್ಲಿ ಅಷ್ಟೊಂದು ಬಳಕೆಯಲ್ಲಿರಲಿಲ್ಲ. ಅನೇಕರು ಬಿಬಿಸಿಗೆ ಫೋನ್ ಮಾಡಿದರು, ಸ್ಪಗೆಟಿ ಗಿಡ ಬೆಳೆಸುವುದು ಹೇಗೆಂದು ಕೇಳಿದವರೂ ಅವರಲ್ಲಿದ್ದರು.

ಈ ಒಂದೇ ಘಟನೆಯಲ್ಲಿ ನಮ್ಮ ಪದಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಬಿಬಿಸಿ ವೀಕ್ಷಕರನ್ನು ‘ಹ್ಯಾವಿಂಗ್ ಆನ್’ ಮಾಡುತ್ತಿತ್ತು. ಗಿಡ ಕೇಳಿದವರು ‘ಟೇಕನ್ ಇನ್’ ಆಗಿದ್ದರು. ಅವರು ಆ ವರದಿಗೆ ‘ಫೆಲ್ ಫಾರ್ ಇಟ್’. ನೋಡಿದೊಡನೆ ನಕ್ಕವರು ‘ಸಾ ಥ್ರೂ ಇಟ್’, ಅಂದರೆ ಅದರ ಗುಟ್ಟನ್ನು ಕಂಡುಹಿಡಿದರು. ‘ಡಿಸೀವ್’ ಇಲ್ಲಿ ಸಲ್ಲುವುದಿಲ್ಲ, ಏಕೆಂದರೆ ಏಪ್ರಿಲ್ 1ರ ಸುಳ್ಳು ಬಯಲಾಗುವುದಕ್ಕೆಂದೇ ಹುಟ್ಟಿದ್ದು.

‘ಫಾಲ್ ಫಾರ್’ಗೆ ಎರಡು ಅರ್ಥ: ಮೋಸಕ್ಕೆ ಬೀಳುವುದು, ಒಬ್ಬರ ಮೇಲೆ ಮನಸ್ಸಾಗುವುದು. ಇದನ್ನು ಎರಡು ಪದಗಳಿಂದ ಒಡೆದು ಹೇಳಬೇಕಾಗಿಲ್ಲ, ‘ಮರುಳಾಗು’ ಎಂಬುದರಲ್ಲಿ ಎರಡೂ ಇವೆ. ಚೆಲುವಿಗೂ ಮರುಳಾಗುತ್ತೇವೆ, ಸವಿಮಾತಿಗೂ ಮರುಳಾಗುತ್ತೇವೆ. ‘ಟೇಕ್ ಇನ್’ಗೆ ಆಶ್ರಯ ಕೊಡು, ಬಟ್ಟೆಯನ್ನು ಬಿಗಿ ಮಾಡಿ ಹೊಲಿ, ಕೇಳಿದ್ದನ್ನು ಗ್ರಹಿಸು ಎಂಬ ಅರ್ಥಗಳೂ ಇವೆ. ವಾಕ್ಯದ ಸಂದರ್ಭ ಇವನ್ನು ತಾನಾಗಿ ತಿಳಿಸುತ್ತದೆ.

ಅಣಕದ ಜೋಡಿ

ರಜೆಯ ಸುದ್ದಿಯನ್ನು ಸಹೋದ್ಯೋಗಿ ಮೇಲಧಿಕಾರಿಯ ದನಿಯಲ್ಲೇ, ಅವರ ಹಾಗೆಯೇ ಕನ್ನಡಕ ಸರಿಪಡಿಸಿಕೊಳ್ಳುತ್ತಾ ಹೇಳಿದನೆನ್ನಿ. ಆಗ ಅವನು ಮೇಲಧಿಕಾರಿಯನ್ನು ‘ಟೇಕ್ ಆಫ್’ ಮಾಡಿದ, ಅಂದರೆ ಅಣಕಿಸಿದ. ವಿಮಾನ ಮೇಲೇರುವುದಕ್ಕೂ ಬಟ್ಟೆ ಕಳಚುವುದಕ್ಕೂ ಬಳಸುವ ಈ ಜೋಡಿಗೆ ಅನುಕರಿಸುವ ಅರ್ಥ ವಿಮಾನಕ್ಕಿಂತ ಬಹಳ ಹಳೆಯದು. 1755ರ ಮುನ್ನುಡಿಯಲ್ಲಿ ಜಾನ್ಸನ್ ಕೊಟ್ಟ ಉದಾಹರಣೆಗಳಲ್ಲಿ ‘ಟೇಕ್ ಆಫ್’ ಇದೆ, ಅವನು ಅದಕ್ಕೆ ಕೊಟ್ಟ ಅರ್ಥ ನಕಲು ಮಾಡುವುದು. ಒಬ್ಬ ವ್ಯಕ್ತಿಯ ದನಿ, ನಡಿಗೆ, ಹಾವಭಾವಗಳ ಅಣಕಕ್ಕೆ ‘ಟೇಕ್ ಆಫ್’ ಹೊಂದಿದರೆ, ‘ಸೆಂಡ್ ಅಪ್’ನ ವ್ಯಾಪ್ತಿ ದೊಡ್ಡದು. ಒಂದು ಟಿವಿ ಕಾರ್ಯಕ್ರಮವನ್ನೋ ರಾಜಕಾರಣದ ಭಾಷಣಗಳ ಶೈಲಿಯನ್ನೋ ಉತ್ಪ್ರೇಕ್ಷಿಸಿ ನಗೆಗೀಡು ಮಾಡುವುದು ಸೆಂಡ್ ಅಪ್. ನಮ್ಮ ಅಣಕವಾಡುಗಳನ್ನು ಇಂಗ್ಲಿಷಿನಲ್ಲಿ ‘ಸೆಂಡ್-ಅಪ್’ ಎಂದು ಕರೆಯಬಹುದು.

ಎರಡರಲ್ಲೂ ಸುಳ್ಳಿಲ್ಲ ಎಂಬುದನ್ನು ಗಮನಿಸಿ. ಯಾರನ್ನೂ ನಂಬಿಸುವ ಪ್ರಯತ್ನವಿಲ್ಲ, ಇದು ಅಣಕವೆಂಬುದು ಎಲ್ಲರಿಗೂ ಗೊತ್ತು. ಇವನ್ನೂ ‘ಟ್ರಿಕ್’ನ ಸಮಾನಾರ್ಥಕಗಳ ಸಾಲಿಗೆ ಸೇರಿಸಿದರೆ ತಪ್ಪಾಗುತ್ತದೆ.

ಮೂಗಿಗೆ ತುಪ್ಪ

ಈಗ ನಿಜ ಬಯಲಾಗಬಾರದೆಂದು ಬಯಸುವವರ ಕಡೆಗೆ ಬರೋಣ. ‘ಲೀಡ್ ಆನ್’ ಎಂದರೆ ಇಲ್ಲದ ಆಸೆಯನ್ನು ಹುಟ್ಟಿಸುವುದು. ಪ್ರೀತಿಯ ವಿಷಯದಲ್ಲಿ ಇದು ಹೆಚ್ಚಾಗಿ ಕೇಳಿಬರುತ್ತದೆ: ಮದುವೆಯಾಗುವ ಮನಸ್ಸಿಲ್ಲದಿದ್ದರೂ ಇದ್ದಂತೆ ನಡೆದುಕೊಳ್ಳುವುದು. ‘ಸ್ಟ್ರಿಂಗ್ ಅಲಾಂಗ್’ ಅದೇ ಆಸೆಯನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಜೀವಂತವಾಗಿಡುವುದು. ‘ಮುಂದಿನ ತಿಂಗಳು ನಿನ್ನ ಬಡ್ತಿ ಖಂಡಿತ’ ಎಂದು ಪ್ರತಿ ತಿಂಗಳೂ ಹೇಳುವ ಅಧಿಕಾರಿ ಉದ್ಯೋಗಿಯನ್ನು ‘ಸ್ಟ್ರಿಂಗ್ ಅಲಾಂಗ್’ ಮಾಡುತ್ತಿದ್ದಾನೆ. ಆ ಉದ್ಯೋಗಿ ಬೇರೆ ಕಡೆ ಅರ್ಜಿ ಹಾಕದೆ ಇರುವುದೇ ಅವನಿಗೆ ಬೇಕಾದದ್ದು.

ಮೂಗಿಗೆ ತುಪ್ಪ ಸವರುವುದು ಎಂದು ನಾವು ಹೇಳುವಾಗ ಈ ಎರಡೂ ಅದರಲ್ಲಿ ಅಡಗಿವೆ. ವಾಸನೆ ಇದೆ, ಬಾಯಿಗೆ ಸಿಗುವುದಿಲ್ಲ. ಆದರೆ ‘ಸ್ಟ್ರಿಂಗ್ ಅಲಾಂಗ್’ನಲ್ಲಿರುವ ಕಾಲದ ಎಳೆದಾಟವನ್ನು ತರಬೇಕಾದರೆ ‘ಇವತ್ತು, ನಾಳೆ ಎಂದು ಸತಾಯಿಸುವುದು’ ಇನ್ನೂ ನಿಖರ. ರೂಪಗಳೂ ಗಮನದಲ್ಲಿರಲಿ: ಲೀಡ್‌ನ ಭೂತಕಾಲ ‘ಲೆಡ್’, ಸ್ಟ್ರಿಂಗ್‌ನದು ‘ಸ್ಟ್ರಂಗ್’. ಇವನ್ನು ಪುಟ್ ಆನ್‌ಗೆ ಬದಲಿಯಾಗಿ ಎಂದೂ ಬಳಸಬಾರದು. ಪುಟ್ ಆನ್ ಕೊನೆಯಾಗುವುದು ನಗುವಿನಲ್ಲಿ. ಇಲ್ಲಿ ಒಬ್ಬರ ಬದುಕಿನ ಒಂದು ತುಂಡು ಕಾಯುವುದರಲ್ಲೇ ಕಳೆದುಹೋಗಿರುತ್ತದೆ, ಅದನ್ನು ತಮಾಷೆ ಎಂದು ಕರೆಯುವುದು ಅನ್ಯಾಯ.

ಹಣ ಬಂದಾಗ ಪದಗಳು ಮತ್ತೆ ಬದಲಾಗುತ್ತವೆ. ಪದಾರ್ಥಕ್ಕೆ ಬೆಲೆಗಿಂತ ಬಹಳ ಹೆಚ್ಚು ಕಿತ್ತುಕೊಳ್ಳುವುದು ‘ರಿಪ್ ಆಫ್’. ನ್ಯಾಯವಾಗಿ ಬರಬೇಕಾದ ಪಾಲನ್ನು ತಪ್ಪಿಸುವುದು ‘ಡೂ ಔಟ್ ಆಫ್’. ವಿಶ್ವಾಸ ಗಳಿಸಿ ಆಮೇಲೆ ಪಂಗನಾಮ ಹಾಕುವುದು ‘ಕಾನ್’. ಈ ಕೊನೆಯ ಪದ ‘ಕಾನ್ಫಿಡೆನ್ಸ್’ನ ತುಂಡು. 1849ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಥಾಂಪ್ಸನ್ ಎಂಬವನನ್ನು ಬಂಧಿಸಿದರು. ಒಳ್ಳೆಯ ಉಡುಪು ತೊಟ್ಟು, ಅಪರಿಚಿತರೊಂದಿಗೆ ಹಳೆಯ ಪರಿಚಯದವನಂತೆ ಮಾತಿಗಿಳಿದು, ನಾಳೆಯವರೆಗೆ ನಿಮ್ಮ ಗಡಿಯಾರವನ್ನು ನನ್ನ ಬಳಿ ಬಿಡುವಷ್ಟು ವಿಶ್ವಾಸ ನಿಮಗೆ ನನ್ನಲ್ಲಿದೆಯೇ ಎಂದು ಕೇಳುವುದು ಅವನ ವರಸೆ. ಕೊಟ್ಟವರಿಗೆ ಗಡಿಯಾರ ಮರಳಿ ಸಿಗುತ್ತಿರಲಿಲ್ಲ. ಪತ್ರಿಕೆಗಳು ಅವನನ್ನು ‘ಕಾನ್ಫಿಡೆನ್ಸ್ ಮ್ಯಾನ್’ ಎಂದು ಕರೆದವು. ಆ ಹೆಸರು ಮೊಟಕಾಗಿ ಇಂದಿನ ‘ಕಾನ್’ ಆಗಿದೆ.

ಇಲ್ಲಿ ಬಹಳ ಉಪಯುಕ್ತವಾದ ಒಂದು ವಿನ್ಯಾಸವಿದೆ. ‘ಟ್ರಿಕ್’, ‘ಕಾನ್’ ಪದಗಳ ನಂತರ ‘ಇಂಟು’ ಬಂದರೆ ಮೋಸದಿಂದ ಏನನ್ನೋ ಮಾಡಿಸಿಕೊಂಡರು ಎಂದು ಅರ್ಥ: ‘ಟ್ರಿಕ್ಡ್ ಹಿಮ್ ಇಂಟು ಸೈನಿಂಗ್’, ಯಾಮಾರಿಸಿ ಸಹಿ ಹಾಕಿಸಿಕೊಂಡರು. ‘ಔಟ್ ಆಫ್’ ಬಂದರೆ ಮೋಸದಿಂದ ಏನನ್ನೋ ಕಿತ್ತುಕೊಂಡರು: ‘ಟ್ರಿಕ್ಡ್ ಹಿಮ್ ಔಟ್ ಆಫ್ ಹಿಸ್ ಸೇವಿಂಗ್ಸ್’, ಯಾಮಾರಿಸಿ ಉಳಿತಾಯದ ಹಣ ಹೊಡೆದರು. ಕನ್ನಡ ಈ ಕೆಲಸವನ್ನು ‘ಹಾಕಿಸಿಕೊಂಡರು’, ‘ಕಿತ್ತುಕೊಂಡರು’ ಎಂಬ ಕ್ರಿಯಾಪದದ ಬಾಲಕ್ಕೆ ವಹಿಸುತ್ತದೆ. ಇಂಗ್ಲಿಷ್ ಅದನ್ನು ಒಂದು ಪುಟ್ಟ ಪದಕ್ಕೆ ವಹಿಸಿದೆ.

‘ಟೀಸ್ ಔಟ್’ ನೋಡಲು ಇದೇ ಗುಂಪಿನದೆನಿಸುತ್ತದೆ, ಆದರೆ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಟೀಸ್’ನ ಮೂಲ ಕ್ರಿಯಾಪದಕ್ಕೆ ಉಣ್ಣೆಯ ನಾರುಗಳನ್ನು ಎಳೆದು ಬಿಡಿಸುವುದು ಎಂಬ ಅರ್ಥವಿತ್ತು. ಮನುಷ್ಯರನ್ನು ಪೀಡಿಸುವ ಅರ್ಥ ಆಮೇಲೆ ಬಂದದ್ದು. ‘ಟೀಸ್ ಔಟ್’ ಹಳೆಯ ಅರ್ಥವನ್ನೇ ಹಿಡಿದುಕೊಂಡಿದೆ: ಜಟಿಲವಾದ ವಿಷಯವನ್ನು ಎಳೆಎಳೆಯಾಗಿ ಬಿಡಿಸುವುದು. ಸಂಶೋಧನಾ ಲೇಖನವೊಂದರಲ್ಲಿ ಈ ಮಾತು ಕಂಡಾಗ ವಿಜ್ಞಾನಿಗಳು ಯಾರನ್ನೋ ಛೇಡಿಸಿದರೆಂದು ತಿಳಿಯಬೇಡಿ.

‘ಪುಟ್’ನ ಉಳಿದ ಮಕ್ಕಳಲ್ಲಿ ಮೂರನ್ನು ಜೊತೆಗಿಟ್ಟು ಕಲಿತರೆ ಒಳ್ಳೆಯದು. ‘ಪುಟ್ ಡೌನ್’ ಎಂದರೆ ನಾಲ್ಕು ಜನರ ಮುಂದೆ ಒಬ್ಬರನ್ನು ಹೀಯಾಳಿಸುವುದು. ‘ಆನ್’ ಹೋಗಿ ‘ಡೌನ್’ ಬಂದಷ್ಟಕ್ಕೆ ತಮಾಷೆ ಅವಮಾನವಾಗುತ್ತದೆ. ‘ಪುಟ್ ಒನ್ ಓವರ್ ಆನ್’ ಎಂದರೆ ಒಬ್ಬರಿಗೆ ಚಳ್ಳೆಹಣ್ಣು ತಿನ್ನಿಸುವುದು, ಜಾಣತನದಿಂದ ಗೆಲ್ಲುವುದು. ‘ಪುಟ್ ಅಪ್ ಟು’ ಎಂದರೆ ಕಿತಾಪತಿಗೆ ಎತ್ತಿಕಟ್ಟುವುದು. ಕುರ್ಚಿಗೆ ಗೋಂದು ಹಚ್ಚಿ ಸಿಕ್ಕಿಬಿದ್ದ ಹುಡುಗನನ್ನು ಶಿಕ್ಷಕರು ‘ಹೂ ಪುಟ್ ಯು ಅಪ್ ಟು ದಿಸ್?’ ಎಂದು ಕೇಳಿದರೆ, ಅದರ ಹಿಂದೆ ಇನ್ನೊಬ್ಬನಿದ್ದಾನೆ, ಅವನ ಹೆಸರು ಹೇಳು ಎಂದರ್ಥ.

ಉತ್ತರ ಕೊಡುವ ಬಗೆ

ಈ ಪದಗಳು ಬಹುಪಾಲು ಆಡುಮಾತಿನವು. ಕಚೇರಿಯ ಪತ್ರದಲ್ಲಿ, ದೂರಿನಲ್ಲಿ, ಪರೀಕ್ಷೆಯ ಉತ್ತರದಲ್ಲಿ ‘ಟೇಕನ್ ಇನ್’ ಬದಲು ‘ಮಿಸ್‌ಲೆಡ್’ ಅಥವಾ ‘ಡಿಸೀವ್ಡ್’ ಎಂದೂ, ‘ರಿಪ್ಡ್ ಆಫ್’ ಬದಲು ‘ಓವರ್‌ಚಾರ್ಜ್ಡ್’ ಎಂದೂ ಬರೆಯುವುದು ರೂಢಿ. ಹಿರಿಯ ಅಧಿಕಾರಿಯೊಬ್ಬರು ಅಚ್ಚರಿಯ ಸುದ್ದಿ ಹೇಳಿದಾಗ ‘ಪುಟ್ಟಿಂಗ್ ಮಿ ಆನ್’ ಎನ್ನುವುದಕ್ಕಿಂತ ‘ಆರ್ ಯು ಸೀರಿಯಸ್?’ ಎನ್ನುವುದೇ ಮೇಲು, ಅದೂ ಸಲುಗೆಯಿದ್ದರೆ.

ತಮಾಷೆ ಅರಿವಾದ ಕ್ಷಣಕ್ಕೆ ಬೇರೆಯದೇ ಪದಗಳಿವೆ. ತಡವಾಗಿಯಾದರೂ ವಿಷಯ ಹೊಳೆದರೆ ‘ಕ್ಯಾಚ್ ಆನ್’. ಒಳಗುಟ್ಟನ್ನು ತಕ್ಷಣ ಕಂಡುಹಿಡಿದರೆ ‘ಸೀ ಥ್ರೂ’. ಇಲ್ಲಿ ಪದಗಳ ಜಾಗ ಮತ್ತೆ ಆಟವಾಡುತ್ತದೆ: ‘ಸೀ ಥ್ರೂ ಹಿಮ್’ ಎಂದರೆ ಅವನ ನಾಟಕ ಗೊತ್ತಾಯಿತು ಎಂದು, ‘ಸೀ ಹಿಮ್ ಥ್ರೂ’ ಎಂದರೆ ಕಷ್ಟ ಕಳೆಯುವವರೆಗೆ ಅವನ ಜೊತೆ ನಿಂತರು ಎಂದು. ಗೊತ್ತಾದರೂ ಗೊತ್ತಾಗದಂತೆ ಆಟಕ್ಕೆ ಸೇರಿಕೊಂಡರೆ ‘ಪ್ಲೇ ಅಲಾಂಗ್’. ರಜೆಯ ಸುದ್ದಿ ತಂದವನಿಗೆ ‘ಹೌದಂತೆ, ಮಂಗಳವಾರವೂ ರಜೆಯಂತೆ’ ಎಂದು ಅಷ್ಟೇ ಗಂಭೀರವಾಗಿ ಉತ್ತರಿಸುವವರು ಮಾಡುವುದು ಅದನ್ನೇ. ಪಕ್ಕದವರಿಗೆ ‘ಅವನಿಗೆ ಗೊತ್ತು ಮಾಡಬೇಡಿ’ ಎಂದು ಪಿಸುಗುಟ್ಟಬೇಕಾದರೆ ‘ಡೋಂಟ್ ಲೆಟ್ ಆನ್’ ಎನ್ನಬೇಕು. ‘ಲೆಟ್ ಆನ್’ ಎಂದರೆ ಗುಟ್ಟು ಬಿಟ್ಟುಕೊಡುವುದು, ಆಸೆ ಹುಟ್ಟಿಸುವ ‘ಲೆಡ್ ಆನ್’ ಜೊತೆ ಇದನ್ನು ಕಲಸಬಾರದು.

ಆಟವೇ ಬೇಡವೆನಿಸಿದರೆ ಬ್ರಿಟನ್ನಿನವರು ‘ಕಮ್ ಆಫ್ ಇಟ್!’ ಎನ್ನುತ್ತಾರೆ. ಕನ್ನಡದಲ್ಲಿ ಅದು ‘ಸಾಕು ಬಿಡಪ್ಪ, ನಿನ್ನ ಬುರುಡೆ!’